ದೂರದೇಶಗಳ ನಡುವೆ ವೇಳೆಯ ಪರಿವರ್ತನೆ

೧

ಬೆಂಗಳೂರಿನಲ್ಲಿ ಮಧ್ಯಾಹ್ನ ೧೨ ಗಂಟೆಯಾದಾಗ ನ್ಯೂಯಾರ್ಕ್ ನಗರದಲ್ಲಿ ಎಷ್ಟು ಗಂಟೆ? ಈ ಪ್ರಶ್ನೆಗೆ ಒಂದೇ ಉತ್ತರವಿರಬೇಕೆಂಬುದು ಸಾಮಾನ್ಯವಾದ ಭಾವನೆ. ವಸ್ತುತಃ ಉತ್ತರಗಳು ಎರಡು. ಜನವರಿಯಲ್ಲಿ ಕೇಳಿದರೆ ಅಲ್ಲಿ ರಾತ್ರಿ ೧-೩೦. ಜುಲೈ ತಿಂಗಳಲ್ಲಿ ಕೇಳಿದರೆ ರಾತ್ರಿ ೨-೩೦. ಪ್ರಶ್ನೆಯಲ್ಲಿ ದಿನಾಂಕವಿಲ್ಲದ ಕಾರಣ ಅದು ಅಪೂರ್ಣವಾದ ಪ್ರಶ್ನೆ. ಎರಡು ಊರುಗಳ ಗಡಿಯಾರಗಳ ನಡುವಣ ಅಂತರವು ಆ ಊರುಗಳ ನಡುವಣ ದೂರದಂತೆ ಸ್ಥಿರವಾದ ಸಂಖ್ಯೆಯಲ್ಲ. ಎರಡು ಸ್ಥಳಗಳು, ಒಂದು ದಿನಾಂಕ, ಈ ಮೂರನ್ನೂ ಹೇಳಿದ ಮೇಲೆ ಮಾತ್ರ ಅದು ನಿರ್ಣಯವಾಗುತ್ತದೆ. ಈ ಮಾತನ್ನು ವಿವರಿಸಿ, ಅದರಿಂದ ಹೊರಡತಕ್ಕ ವ್ಯಾವಹಾರಿಕ ನಿಯಮಗಳನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಹಿಂದೆ ಈ ವಿಷಯವು ನಾವಿಕರಿಗೂ ಖಗೋಳಶಾಸ್ತ್ರಜ್ಞರಿಗೂ ತಂತಿ ಇಲಾಖೆಯವರಿಗೂ ಮೀಸಲಾಗಿದ್ದಿತು. ಈಗ ಹಾಗಿಲ್ಲ. ಪರದೇಶದ ವಿಶ್ವವಿದ್ಯಾಲಯದ ಪ್ರವೇಶಕ್ಕಾಗಿ ನಮ್ಮ ವಿದ್ಯಾರ್ಥಿಯು ಮನೆಯಿಂದಲೇ ಸಂದರ್ಶನ ಕೊಡುತ್ತಾನೆ. ಸಂಶೋಧನ ಪ್ರಬಂಧದ ಮೌಖಿಕ ಪರೀಕ್ಷೆಗೆ ಸಾವಿರಾರು ಮೈಲಿಗಳಾಚೆಯ ಪರೀಕ್ಷಕರು ದೂರದಿಂದಲೇ ಕುಳಿತುಕೊಳ್ಳುತ್ತಾರೆ. ಬೆಂಗಳೂರು, ಮೈಸೂರು, ಮಂಗಳೂರುಗಳ ಕಚೇರಿಗಳಲ್ಲಿ ಅಮೆರಿಕ ಮತ್ತು ಯೂರೋಪುಗಳ ಸಹೋದ್ಯೋಗಿಗಳೊಡನೆ ಸಭೆ ನಡೆಯದ ದಿನವೇ ವಿರಳ. ಇಂತಹ ಕಡೆ ಒಂದು ಗಂಟೆ ತಪ್ಪಿದರೆ ಸಂದರ್ಶನವೇ ತಪ್ಪಿತು. ಒಂದು ದಿನಾಂಕ ತಪ್ಪಿದರೆ ಒಂದು ವರ್ಷದ ಪ್ರಯತ್ನವೇ ವ್ಯರ್ಥವಾಗಬಹುದು. ಲೆಕ್ಕವು ಕೇವಲ ಕೂಡುವ ಕಳೆಯುವ ಲೆಕ್ಕವೆಂಬುದೇನೋ ನಿಜ. ಆದರೆ ಏನನ್ನು ಕೂಡಬೇಕು, ಏನನ್ನು ಕಳೆಯಬೇಕು ಎಂಬುದರಲ್ಲಿಯೇ ತೊಡಕಿದೆ.

೨

ಸೂರ್ಯನನ್ನು ಲೆಕ್ಕಕ್ಕೆ ಹಿಡಿದು ನೋಡಿದರೆ ಭೂಮಿಯು ೨೪ ಗಂಟೆಗಳಲ್ಲಿ ೩೬೦ ಅಂಶ ತಿರುಗುತ್ತದೆ. ಅಂದರೆ ಗಂಟೆಗೆ ೧೫ ಅಂಶ, ೪ ನಿಮಿಷಕ್ಕೆ ಒಂದು ಅಂಶ. ಈ ತತ್ತ್ವವು ನಮ್ಮವರಿಗೆ ಹೊಸದಲ್ಲ. ದಿನಕ್ಕೆ ೬೦ ಘಳಿಗೆ, ಘಳಿಗೆಗೆ ೬ ಅಂಶ ಎಂದು ನಮ್ಮ ಸಿದ್ಧಾಂತಕಾರರು ಗಣಿಸಿದರು. ಸೂರ್ಯಸಿದ್ಧಾಂತವು ಲಂಕೆ, ಅವಂತಿ, ಕುರುಕ್ಷೇತ್ರಗಳ ಮೂಲಕ ಹಾಯುವ ರೇಖೆಯನ್ನು ಮಧ್ಯರೇಖೆಯಾಗಿ ಸ್ವೀಕರಿಸಿತು. ಆ ರೇಖೆಯಿಂದ ಪೂರ್ವಕ್ಕೋ ಪಶ್ಚಿಮಕ್ಕೋ ಇರುವ ಊರಿಗೆ ಮಾಡುವ ತಿದ್ದುಪಡಿಗೆ ‘ದೇಶಾಂತರ ಸಂಸ್ಕಾರ’ವೆಂದು ಹೆಸರು. ಇಂದು ನಾವು ಮಾಡತಕ್ಕ ಪರಿವರ್ತನೆಗೂ ಮೂಲತತ್ತ್ವ ಅದೇ. ಮಧ್ಯರೇಖೆ ಮಾತ್ರ ಬೇರೆ. ೧೮೮೪ರಲ್ಲಿ ವಾಷಿಂಗ್‌ಟನ್ನಿನಲ್ಲಿ ೨೫ ರಾಷ್ಟ್ರಗಳ ಪ್ರತಿನಿಧಿಗಳು ಸೇರಿ ಗ್ರೀನಿಚ್ ವೇಧಶಾಲೆಯ ಮೇಲೆ ಹಾಯುವ ರೇಖೆಯನ್ನು ಸೊನ್ನೆಯ ರೇಖಾಂಶವೆಂದು ಗೊತ್ತುಮಾಡಿದರು.

ಕೇವಲ ರೇಖಾಂಶವನ್ನು ಅನುಸರಿಸುವುದಾದರೆ ಪ್ರತಿಯೊಂದು ಊರಿಗೂ ಬೇರೆಬೇರೆ ಕಾಲವಿರಬೇಕಾಗುತ್ತದೆ. ಬೆಂಗಳೂರಿನ ರೇಖಾಂಶ ಸುಮಾರು ೭೭ ಅಂಶ ೩೫ ಕಲೆ. ಆದಕಾರಣ ಅದರ ಸ್ವಂತ ಕಾಲವು ಗ್ರೀನಿಚ್ಚಿಗಿಂತ ೫ ಗಂಟೆ ೧೦ ನಿಮಿಷಗಳಷ್ಟು ಮುಂದು. ಆದರೆ ನಮ್ಮ ಗಡಿಯಾರಗಳು ೮೨ ಅಂಶ ೩೦ ಕಲೆಯ ರೇಖೆಯನ್ನನುಸರಿಸಿ ೫ ಗಂಟೆ ೩೦ ನಿಮಿಷ ಮುಂದಿವೆ. ಬೆಂಗಳೂರಿನ ಸೂರ್ಯನಿಗೂ ಬೆಂಗಳೂರಿನ ಗಡಿಯಾರಕ್ಕೂ ಸರಾಸರಿಯಲ್ಲಿ ಸುಮಾರು ೨೦ ನಿಮಿಷಗಳ ಭೇದ. ಈ ಭಾರತೀಯ ಪ್ರಮಾಣಕಾಲವು ೧೯೦೬ರ ಜನವರಿ ೧ರಿಂದ ಆಚರಣೆಗೆ ಬಂದಿತು. ಆದರೂ ಕಲ್ಕತ್ತವು ೧೯೪೮ರವರೆಗೂ, ಮುಂಬಯಿಯು ೧೯೫೫ರವರೆಗೂ ತಮ್ಮ ತಮ್ಮ ಕಾಲವನ್ನು ಬಿಟ್ಟುಕೊಡಲಿಲ್ಲ.

ಇದರಿಂದ ತಿಳಿಯತಕ್ಕದ್ದೇನೆಂದರೆ, ಪ್ರಮಾಣಕಾಲವು ಖಗೋಳದ ನಿಯಮಕ್ಕಿಂತ ಹೆಚ್ಚಾಗಿ ಸರ್ಕಾರದ ಆಜ್ಞೆ. ಪೂರ್ವ ಪಶ್ಚಿಮವಾಗಿ ಅಷ್ಟು ವಿಸ್ತಾರವಾದ ಚೀನ ದೇಶದಲ್ಲಿ ಅಧಿಕೃತ ಕಾಲ ಒಂದೇ, ಗ್ರೀನಿಚ್ಚಿಗಿಂತ ೮ ಗಂಟೆ ಮುಂದು. ನೇಪಾಳವು ೫ ಗಂಟೆ ೪೫ ನಿಮಿಷ ಮುಂದು. ಭಾರತದ ಗಡಿ ದಾಟಿದ ಮಾತ್ರಕ್ಕೆ ಕಾಲು ಗಂಟೆಯ ವ್ಯತ್ಯಾಸ. ಸ್ಪೇನಿನ ರಾಜಧಾನಿ ಮ್ಯಾಡ್ರಿಡ್ ಗ್ರೀನಿಚ್ಚಿಗೆ ಪಶ್ಚಿಮದಲ್ಲಿದ್ದರೂ ಅದರ ಗಡಿಯಾರ ಗ್ರೀನಿಚ್ಚಿಗಿಂತ ಮುಂದಿದೆ. ಪೆಸಿಫಿಕ್ ಸಾಗರದ ಸಮೋವ ದ್ವೀಪರಾಷ್ಟ್ರವು ವ್ಯಾಪಾರದ ಅನುಕೂಲಕ್ಕಾಗಿ ದಿನಾಂಕರೇಖೆಯ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಸರಿದುದರಿಂದ, ೨೦೧೧ರ ಡಿಸೆಂಬರ್ ೩೦ನೆಯ ದಿನ ಅಲ್ಲಿ ಬರಲೇ ಇಲ್ಲ. ಆದಕಾರಣ ಭೂಪಟದಲ್ಲಿ ರೇಖಾಂಶವನ್ನು ನೋಡಿ ಗಡಿಯಾರವನ್ನು ಊಹಿಸಹೊರಡುವುದು ಸಾಧುವಲ್ಲ.

೩

ಪರಿವರ್ತನೆಯ ಕ್ರಮವನ್ನು ಈಗ ವಿವೇಚಿಸೋಣ. ಗ್ರೀನಿಚ್ ಕಾಲದ ಸ್ಥಾನದಲ್ಲಿ ಇಂದು ಪರಮಾಣು ಗಡಿಯಾರಗಳಿಂದ ಅಳೆಯತಕ್ಕ, ಯು.ಟಿ.ಸಿ. ಎಂದು ಹೆಸರಾದ ಕಾಲವು ಲೋಕಕ್ಕೆಲ್ಲ ಆಧಾರವಾಗಿದೆ. ಅದನ್ನು ಇಲ್ಲಿ ವಿಶ್ವಕಾಲವೆಂದು ಕರೆಯುತ್ತೇವೆ. ಎರಡು ದೂರದ ಊರುಗಳ ನಡುವೆ ನೇರವಾಗಿ ಅಂತರವನ್ನು ನೆನಪಿಟ್ಟುಕೊಳ್ಳುವುದಕ್ಕಿಂತ ವಿಶ್ವಕಾಲದ ಮೂಲಕ ಹೋಗುವುದು ಕ್ಷೇಮಕರ. ಮೊದಲು ಕೊಟ್ಟ ಊರಿನ ವೇಳೆಯಿಂದ ಆ ದಿನದ ಅಂತರವನ್ನು ಕಳೆದು ವಿಶ್ವಕಾಲಕ್ಕೆ ಬರಬೇಕು. ಬಳಿಕ ಬೇಕಾದ ಊರಿನ ಆ ದಿನದ ಅಂತರವನ್ನು ಕೂಡಬೇಕು. ಆ ಊರು ಹಿಂದಿರುವುದಾದರೆ ಕಳೆಯಬೇಕು. ಕೊನೆಯಲ್ಲಿ, ಉತ್ತರವು ಸೊನ್ನೆಗಿಂತ ಕಡಮೆಯಾದರೆ ೨೪ ಕೂಡಿ ದಿನಾಂಕವನ್ನು ಒಂದು ಹಿಂದಿಡಬೇಕು. ೨೪ ಅಥವಾ ಅದಕ್ಕೆ ಮೇಲ್ಪಟ್ಟರೆ ೨೪ ಕಳೆದು ದಿನಾಂಕವನ್ನು ಒಂದು ಮುಂದಿಡಬೇಕು.

ಉದಾಹರಣೆಗೆ, ಜನವರಿಯ ಒಂದು ಸೋಮವಾರ ಬೆಂಗಳೂರಿನಲ್ಲಿ ಬೆಳಿಗ್ಗೆ ೬-೩೦. ೫-೩೦ ಕಳೆದರೆ ವಿಶ್ವಕಾಲ ೧-೦೦. ಸ್ಯಾನ್‌ಫ್ರಾನ್ಸಿಸ್ಕೊ ನಗರವು ಆ ತಿಂಗಳಲ್ಲಿ ೮ ಗಂಟೆ ಹಿಂದೆ. ೧ರಲ್ಲಿ ೮ನ್ನು ಕಳೆದು ೨೪ ಕೂಡಿದರೆ ೧೭. ಅಂದರೆ ಸಂಜೆ ೫ ಗಂಟೆ, ವಾರ ಭಾನುವಾರ. ನಮ್ಮ ವಾರವು ಪ್ರಾರಂಭವಾಗುವ ಹೊತ್ತಿನಲ್ಲಿ ಅವರ ರಜೆ ಇನ್ನೂ ಮುಗಿದಿರುವುದಿಲ್ಲ. ಗಂಟೆಯನ್ನು ಸರಿಯಾಗಿ ಕಂಡುಹಿಡಿದು ವಾರವನ್ನು ಮರೆಯುವುದು ಈ ಲೆಕ್ಕದಲ್ಲಿ ಬಹು ಸಾಮಾನ್ಯವಾದ ಪ್ರಮಾದ.

ಈ ಪ್ರಮಾದಕ್ಕೆ ನಮ್ಮ ಭಾಷೆಯ ರೂಢಿಯೂ ಎಡೆಗೊಡುತ್ತದೆ. ‘ಸೋಮವಾರ ರಾತ್ರಿ ಒಂದು ಗಂಟೆ’ ಎಂದರೆ ಕನ್ನಡಿಗನ ಮನಸ್ಸಿನಲ್ಲಿ ಸೋಮವಾರದ ಹಗಲು ಕಳೆದ ಮೇಲಿನ ರಾತ್ರಿ. ಪಂಚಾಂಗದ ವಾರವು ಸೂರ್ಯೋದಯದಿಂದ ಸೂರ್ಯೋದಯದವರೆಗೆ ಇರುವುದರಿಂದ ಈ ಮಾತು ನಮ್ಮಲ್ಲಿ ಯುಕ್ತವೇ ಸರಿ. ಆದರೆ ಅಂತರರಾಷ್ಟ್ರೀಯ ಗಣನೆಯಲ್ಲಿ ದಿನವು ಮಧ್ಯರಾತ್ರಿಗೆ ಬದಲಾಗುವುದರಿಂದ ಅದು ಮಂಗಳವಾರದ ೧ ಗಂಟೆ. ‘ಶುಕ್ರವಾರ ಮಧ್ಯರಾತ್ರಿ’ ಎಂಬ ಮಾತಂತೂ ಎರಡು ಅರ್ಥಕ್ಕೂ ಸಲ್ಲುತ್ತದೆ. ಆದುದರಿಂದ ಪತ್ರದಲ್ಲಿ ೨೪ ಗಂಟೆಗಳ ಕ್ರಮವನ್ನು ಬಳಸಿ, ದಿನಾಂಕವನ್ನೂ ವಾರವನ್ನೂ ಜೊತೆಗೆ ಬರೆಯುವುದು ಲೇಸು. ತಿಂಗಳನ್ನು ಅಂಕಿಯಲ್ಲಿ ಬರೆಯದೆ ಹೆಸರಿನಿಂದಲೇ ಬರೆಯಬೇಕು; ೩-೪-೨೦೨೫ ಎಂಬುದನ್ನು ನಾವು ಏಪ್ರಿಲ್ ೩ ಎಂದು ಓದಿದರೆ ಅಮೆರಿಕದವರು ಮಾರ್ಚ್ ೪ ಎಂದು ಓದುತ್ತಾರೆ.

ಪರಿವರ್ತನೆಗೆ ಒಳಪಡತಕ್ಕದ್ದು ಯಾವುದು, ಒಳಪಡದಿರುವುದು ಯಾವುದು ಎಂಬ ವಿವೇಕವೂ ಅಗತ್ಯ. ಅಮೆರಿಕದಲ್ಲಿ ನೆಲಸಿರುವ ಕನ್ನಡಿಗರು ಬೆಂಗಳೂರಿನ ಪಂಚಾಂಗವನ್ನು ಬಳಸುವಾಗ ಇದು ಚೆನ್ನಾಗಿ ಕಾಣುತ್ತದೆ. ತಿಥಿಯು ಮುಗಿಯುವುದು ಸೂರ್ಯಚಂದ್ರರ ನಡುವಣ ಅಂತರದಿಂದ ಗೊತ್ತಾಗುವ ಕ್ಷಣ. ಅದು ಭೂಮಿಗೆಲ್ಲ ಒಂದೇ. ಆದ್ದರಿಂದ ಅದನ್ನು ಪರಿವರ್ತಿಸಬಹುದು. ಸೂರ್ಯೋದಯವಾದರೋ ಆಯಾ ಊರಿನದು; ಅದನ್ನು ಹೊಸದಾಗಿ ಗಣಿಸಬೇಕೇ ಹೊರತು ಪರಿವರ್ತಿಸಲಾಗದು. ಜನವರಿಯ ಒಂದು ಮಂಗಳವಾರ ಬೆಂಗಳೂರಿನಲ್ಲಿ ಬೆಳಿಗ್ಗೆ ೮ ಗಂಟೆಗೆ ಪಂಚಮಿ ಮುಗಿಯುವುದೆಂದು ಇಟ್ಟುಕೊಳ್ಳೋಣ. ನ್ಯೂಯಾರ್ಕಿನಲ್ಲಿ ಆಗ ಸೋಮವಾರ ರಾತ್ರಿ ೯-೩೦. ಉದಯಕಾಲದ ತಿಥಿಯನ್ನು ಹಿಡಿಯುವವರಿಗೆ ಬೆಂಗಳೂರಿನಲ್ಲಿ ಮಂಗಳವಾರ ಪಂಚಮಿ, ನ್ಯೂಯಾರ್ಕಿನಲ್ಲಿ ಸೋಮವಾರವೇ ಪಂಚಮಿ. ಎರಡೂ ಸರಿಯಾದ ದಿನಗಳೇ.

೪

ಇಲ್ಲಿಯವರೆಗೆ ‘ಆ ದಿನದ ಅಂತರ’ ಎಂದು ಹೇಳುತ್ತ ಬಂದೆವು. ಹಾಗೆ ಹೇಳಲು ಕಾರಣ ಬೇಸಗೆಕಾಲದ ಪದ್ಧತಿ. ಬೇಸಗೆಯಲ್ಲಿ ಹಗಲು ದೀರ್ಘವಾಗುವ ದೇಶಗಳಲ್ಲಿ ಸಂಜೆಯ ಬೆಳಕನ್ನು ಉಪಯೋಗಿಸಿಕೊಳ್ಳಲು ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಈ ಪದ್ಧತಿಯನ್ನು ೧೯೧೬ರಲ್ಲಿ ಮಹಾಯುದ್ಧದ ನಡುವೆ ಜರ್ಮನಿ ಮತ್ತು ಆಸ್ಟ್ರಿಯ-ಹಂಗೆರಿಗಳು ರಾಷ್ಟ್ರವ್ಯಾಪಿಯಾಗಿ ಆಚರಣೆಗೆ ತಂದವು. ಭಾರತದಲ್ಲಿಯೂ ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿದ್ದರು. ೧೯೪೫ರ ನಂತರ ಈ ಪದ್ಧತಿ ಇಲ್ಲಿ ಇಲ್ಲ.

ಬದಲಾವಣೆಯ ದಿನಗಳು ಎಲ್ಲ ದೇಶಗಳಿಗೂ ಒಂದೇ ಆಗಿದ್ದಿದ್ದರೆ ತೊಡಕು ಅಲ್ಪವಾಗಿರುತ್ತಿತ್ತು. ಆದರೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ೨೦೦೭ರಿಂದ ನಡೆದುಬಂದಿರುವ ನಿಯಮದಂತೆ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರ ಮುಂದಕ್ಕೆ ಹೋಗಿ, ನವೆಂಬರ್ ತಿಂಗಳ ಮೊದಲನೆಯ ಭಾನುವಾರ ಹಿಂದಕ್ಕೆ ಬರುತ್ತದೆ. ಬ್ರಿಟನ್ನಿನಲ್ಲಿಯೂ ಯೂರೋಪಿನ ಒಕ್ಕೂಟದಲ್ಲಿಯೂ ಮಾರ್ಚ್ ಮತ್ತು ಅಕ್ಟೋಬರ್ ತಿಂಗಳುಗಳ ಕೊನೆಯ ಭಾನುವಾರಗಳು. ಆಸ್ಟ್ರೇಲಿಯದ ಸಿಡ್ನಿ, ಮೆಲ್ಬೋರ್ನ್ ನಗರಗಳಿಗೆ ಬೇಸಗೆಯು ನಮ್ಮ ಚಳಿಗಾಲದಲ್ಲಿ ಬರುವುದರಿಂದ, ಅಲ್ಲಿ ಅಕ್ಟೋಬರ್ ತಿಂಗಳ ಮೊದಲನೆಯ ಭಾನುವಾರ ಮುಂದಕ್ಕೆ, ಏಪ್ರಿಲ್ ತಿಂಗಳ ಮೊದಲನೆಯ ಭಾನುವಾರ ಹಿಂದಕ್ಕೆ. ಅದೇ ದೇಶದ ಕ್ವೀನ್ಸ್‌ಲೆಂಡಿನಲ್ಲಿ ಬದಲಾವಣೆಯೇ ಇಲ್ಲ. ಅಮೆರಿಕದಲ್ಲಿ ಹವಾಯಿಯೂ ಅರಿಜೋನದ ಬಹುಭಾಗವೂ ಹಾಗೆಯೇ.

ಇದರ ಫಲವನ್ನು ಒಂದು ದೃಷ್ಟಾಂತದಿಂದ ನೋಡಬಹುದು. ಪ್ರತಿ ಬುಧವಾರ ನ್ಯೂಯಾರ್ಕಿನ ಬೆಳಿಗ್ಗೆ ೮-೩೦ಕ್ಕೆ ಒಂದು ಸಭೆ ಗೊತ್ತಾಗಿದೆಯೆಂದೂ, ಬೆಂಗಳೂರು, ಲಂಡನ್, ಸಿಡ್ನಿಗಳಿಂದ ಸದಸ್ಯರು ಸೇರುವರೆಂದೂ ಭಾವಿಸೋಣ. ೨೦೨೫ನೆಯ ವರ್ಷದ ನಾಲ್ಕು ಬುಧವಾರಗಳಂದು ಆಯಾ ಊರಿನ ಗಡಿಯಾರಗಳು ಹೀಗಿದ್ದವು:

ಮಾರ್ಚ್ ೫: ಬೆಂಗಳೂರು ೧೯-೦೦, ಲಂಡನ್ ೧೩-೩೦, ಸಿಡ್ನಿ ೦-೩೦, ಗುರುವಾರ.

ಮಾರ್ಚ್ ೧೨: ಬೆಂಗಳೂರು ೧೮-೦೦, ಲಂಡನ್ ೧೨-೩೦, ಸಿಡ್ನಿ ೨೩-೩೦, ಬುಧವಾರ.

ಏಪ್ರಿಲ್ ೨: ಬೆಂಗಳೂರು ೧೮-೦೦, ಲಂಡನ್ ೧೩-೩೦, ಸಿಡ್ನಿ ೨೩-೩೦, ಬುಧವಾರ.

ಏಪ್ರಿಲ್ ೯: ಬೆಂಗಳೂರು ೧೮-೦೦, ಲಂಡನ್ ೧೩-೩೦, ಸಿಡ್ನಿ ೨೨-೩೦, ಬುಧವಾರ.

ಐದು ವಾರಗಳ ಅವಧಿಯಲ್ಲಿ ನ್ಯೂಯಾರ್ಕ್ ಮತ್ತು ಸಿಡ್ನಿಗಳ ಅಂತರವು ೧೬ ಗಂಟೆಯಿಂದ ೧೫ಕ್ಕೆ, ಅಲ್ಲಿಂದ ೧೪ಕ್ಕೆ ಇಳಿಯಿತು. ಲಂಡನ್ ಮತ್ತು ನ್ಯೂಯಾರ್ಕ್‌ಗಳ ಅಂತರವು ೫ರಿಂದ ೪ಕ್ಕಿಳಿದು ಮತ್ತೆ ೫ಕ್ಕೆ ಬಂದಿತು. ವಿಶೇಷವಾಗಿ ಗಮನಿಸಬೇಕಾದುದು ಬೆಂಗಳೂರಿನ ಸಾಲನ್ನು. ತನ್ನ ಗಡಿಯಾರವನ್ನು ಎಂದೂ ಮುಟ್ಟದ ಊರಿನವರು ತಮ್ಮ ಸಂಜೆಯನ್ನೇ ಒಂದು ಗಂಟೆ ಸರಿಸಿಕೊಳ್ಳಬೇಕಾಯಿತು. ಗಡಿಯಾರವನ್ನು ಮುಂದಿಟ್ಟ ನ್ಯೂಯಾರ್ಕಿನವರಿಗೆ ವೇಳೆ ಬದಲಾಗಲೇ ಇಲ್ಲ. ಸಭೆಯ ವೇಳೆಯು ಯಾರ ಗಡಿಯಾರಕ್ಕೆ ಕಟ್ಟುಬಿದ್ದಿದೆಯೋ ಅವರು ನಿಶ್ಚಿಂತರು, ಉಳಿದವರು ಹೊಂದಿಕೊಳ್ಳಬೇಕಾದವರು. ಇದನ್ನು ‘ಆಧಾರಸ್ಥಳ’ವೆಂದು ಕರೆಯೋಣ. ಪುನಃ ಪುನಃ ನಡೆಯತಕ್ಕ ಯಾವ ಕಾರ್ಯಕ್ರಮಕ್ಕಾದರೂ ಆಧಾರಸ್ಥಳವನ್ನು ಮೊದಲೇ ಹೇಳದಿದ್ದರೆ, ಮಾರ್ಚ್ ತಿಂಗಳಲ್ಲಿ ಅರ್ಧಮಂದಿ ಒಂದು ಗಂಟೆ ಮೊದಲೂ ಉಳಿದವರು ಒಂದು ಗಂಟೆ ತಡವಾಗಿಯೂ ಬರುವುದು ನಿಶ್ಚಯ.

ಬದಲಾವಣೆಯ ರಾತ್ರಿಯಲ್ಲಿ ಇನ್ನೂ ಒಂದು ವಿಚಿತ್ರವಿದೆ. ೨೦೨೫ರ ಮಾರ್ಚ್ ೯ರಂದು ನ್ಯೂಯಾರ್ಕಿನಲ್ಲಿ ರಾತ್ರಿ ೨ ಗಂಟೆಯಾಗುತ್ತಲೇ ಗಡಿಯಾರ ೩ನ್ನು ತೋರಿಸಿತು. ೨-೩೦ ಎಂಬ ವೇಳೆಯೇ ಅಂದು ಇರಲಿಲ್ಲ. ನವೆಂಬರ್ ೨ರಂದು ರಾತ್ರಿ ೧-೩೦ ಎರಡು ಸಲ ಬಂದಿತು: ಮೊದಲನೆಯದಕ್ಕೆ ಬೆಂಗಳೂರಿನಲ್ಲಿ ಬೆಳಿಗ್ಗೆ ೧೧ ಗಂಟೆ, ಎರಡನೆಯದಕ್ಕೆ ಮಧ್ಯಾಹ್ನ ೧೨ ಗಂಟೆ. ಇಂತಹ ವೇಳೆಗಳನ್ನು ಯಾವ ಸೂತ್ರವೂ ನಿಸ್ಸಂದಿಗ್ಧವಾಗಿ ಪರಿವರ್ತಿಸಲಾರದು. ಅವನ್ನು ಆರಿಸದಿರುವುದೊಂದೇ ಉಪಾಯ.

೫

ಹಾಗಾದರೆ ಎಲ್ಲವನ್ನೂ ವಿಶ್ವಕಾಲದಲ್ಲಿಯೇ ಬರೆದಿಟ್ಟರೆ ಸಾಲದೆ ಎಂದು ಕೇಳಬಹುದು. ನಡೆದುಹೋದ ಘಟನೆಗೂ, ಗ್ರಹಣದಂತಹ ಆಕಾಶದ ಘಟನೆಗೂ ಅದು ಸಾಕು. ಮುಂದೆ ನಡೆಯತಕ್ಕ ಮನುಷ್ಯರ ಕಾರ್ಯಕ್ಕೆ ಸಾಲದು. ಏಕೆಂದರೆ ನಡುವೆ ನಿಯಮವೇ ಬದಲಾಗಬಹುದು.

೨೦೨೩ರ ಮಾರ್ಚ್ ತಿಂಗಳಲ್ಲಿ ಲೆಬನಾನ್ ದೇಶದಲ್ಲಿ ನಡೆದುದು ಇದಕ್ಕೆ ತಕ್ಕ ನಿದರ್ಶನ. ಮಾರ್ಚ್ ೨೬ರಂದು ಮುಂದಕ್ಕೆ ಹೋಗಬೇಕಾಗಿದ್ದ ಗಡಿಯಾರವನ್ನು ರಂಜಾನ್ ಮಾಸ ಮುಗಿಯುವವರೆಗೆ ಹಾಗೆಯೇ ಇಡತಕ್ಕದ್ದೆಂದು ಅಲ್ಲಿಯ ಸರ್ಕಾರವು ಕೆಲವೇ ದಿನಗಳ ಮುಂಚೆ ಪ್ರಕಟಿಸಿತು. ಮಾರೊನೈಟ್ ಚರ್ಚೂ ಕೆಲವು ಪ್ರಸಾರಸಂಸ್ಥೆಗಳೂ ಒಪ್ಪದೆ ಹಳೆಯ ನಿಯಮದಂತೆ ಗಡಿಯಾರವನ್ನು ಮುಂದಿಟ್ಟವು. ಒಂದೇ ದೇಶದಲ್ಲಿ ಕೆಲವು ದಿನ ಎರಡು ಕಾಲಗಳು ನಡೆದವು. ಮಾರ್ಚ್ ೨೭ರಂದು ಸರ್ಕಾರವು ತನ್ನ ನಿರ್ಧಾರವನ್ನು ಹಿಂತೆಗೆದುಕೊಂಡು, ೨೯ರ ಕಳೆದ ರಾತ್ರಿ ಗಡಿಯಾರಗಳನ್ನು ಮುಂದಿಡಿಸಿತು. ಆ ವಾರ ಬೇರೂತಿನಲ್ಲಿ ಸಂಜೆ ೬ ಗಂಟೆಯ ಉಪನ್ಯಾಸವೊಂದನ್ನು ಹಳೆಯ ನಿಯಮದಂತೆ ವಿಶ್ವಕಾಲಕ್ಕೆ ಪರಿವರ್ತಿಸಿ ಬರೆದಿಟ್ಟುಕೊಂಡವನ ಲೆಕ್ಕ ನಿರ್ದುಷ್ಟವಾಗಿದ್ದರೂ ವೇಳೆ ತಪ್ಪಾಗುತ್ತಿತ್ತು. ಮೆಕ್ಸಿಕೊ ೨೦೨೨ರಲ್ಲಿ ಬೇಸಗೆಕಾಲವನ್ನು ದೇಶದ ಬಹುಭಾಗದಲ್ಲಿ ಕೈಬಿಟ್ಟಿತು. ಈಜಿಪ್ಟು ೨೦೨೩ರಲ್ಲಿ ಮತ್ತೆ ಜಾರಿಗೆ ತಂದಿತು.

ಆದುದರಿಂದ ಮುಂದಿನ ಕಾರ್ಯಕ್ರಮವನ್ನು ಗೊತ್ತುಮಾಡುವಾಗ ಆಧಾರಸ್ಥಳದ ಹೆಸರು, ಅಲ್ಲಿಯ ದಿನಾಂಕ, ಅಲ್ಲಿಯ ವೇಳೆ, ಈ ಮೂರನ್ನು ಮೂಲವಾಗಿ ಇಟ್ಟುಕೊಂಡು, ವಿಶ್ವಕಾಲವನ್ನು ತಾಳೆನೋಡುವುದಕ್ಕಾಗಿ ಜೊತೆಗೆ ಕೊಡಬೇಕು. ಗಣಕಯಂತ್ರಗಳು ಅನುಸರಿಸುವ ಕ್ರಮವೂ ಇದೇ. ಲೋಕದ ನಾನಾ ಪ್ರದೇಶಗಳ ನಿಯಮಗಳನ್ನೂ ಅವುಗಳ ಬದಲಾವಣೆಗಳನ್ನೂ ಒಂದು ಸಾರ್ವಜನಿಕ ದತ್ತಸಂಗ್ರಹದಲ್ಲಿ ದಾಖಲು ಮಾಡಿದ್ದಾರೆ. ಅದರಲ್ಲಿ ನಮ್ಮ ಕಾಲಕ್ಕೆ ‘ಏಷ್ಯಾ/ಕೋಲ್ಕತ್ತಾ’ ಎಂಬ ಸ್ಥಳನಾಮವೇ ಗುರುತು. ಸಂಗ್ರಹದ ಹಳೆಯ ಪ್ರತಿಯನ್ನಿಟ್ಟುಕೊಂಡಿರುವ ಯಂತ್ರವು ಹಳೆಯ ನಿಯಮವನ್ನೇ ಹೇಳುವುದೆಂಬುದನ್ನು ಮಾತ್ರ ಮರೆಯಬಾರದು. ಅಕ್ಷರಗಳ ಸಂಕ್ಷೇಪವನ್ನು ನೆಚ್ಚುವುದು ಸರಿಯಲ್ಲ. ‘ಐ.ಎಸ್.ಟಿ.’ ಎಂಬುದು ಭಾರತಕ್ಕೂ ಐರ್ಲೆಂಡಿಗೂ ಇಸ್ರೇಲಿಗೂ ಸಲ್ಲುತ್ತದೆ, ‘ಸಿ.ಎಸ್.ಟಿ.’ ಎಂಬುದು ಷಿಕಾಗೊ ನಗರದ ಕಾಲವೂ ಹೌದು, ಚೀನದ ಕಾಲವೂ ಹೌದು.

ಸಂಶೋಧಕರಿಗೆ ಉಪಯುಕ್ತವಾದ ಇನ್ನೊಂದು ರೂಢಿಯನ್ನು ಇಲ್ಲಿ ಹೇಳಬೇಕು. ಹಲವು ಅಂತರರಾಷ್ಟ್ರೀಯ ಸಮ್ಮೇಳನಗಳು ಲೇಖನಗಳನ್ನು ಕಳುಹಿಸಲು ಕೊನೆಯ ದಿನವನ್ನು ‘ಭೂಮಿಯ ಮೇಲೆ ಎಲ್ಲಿಯಾದರೂ’ ಎಂಬರ್ಥದ ಮಾತಿನಿಂದ ಸೂಚಿಸುತ್ತವೆ. ವಿಶ್ವಕಾಲಕ್ಕಿಂತ ೧೨ ಗಂಟೆ ಹಿಂದಿರುವ ಕೊಟ್ಟಕೊನೆಯ ವಲಯದಲ್ಲಿ ಆ ದಿನಾಂಕ ಮುಗಿಯುವವರೆಗೆ ಅವಕಾಶವಿದೆಯೆಂದು ಅದರ ತಾತ್ಪರ್ಯ. ಅಕ್ಟೋಬರ್ ೩೧ ಕೊನೆಯ ದಿನವಾಗಿದ್ದರೆ, ನಮ್ಮ ಗಡಿಯಾರದಲ್ಲಿ ನವೆಂಬರ್ ೧ರ ಸಂಜೆ ೫-೩೦ಕ್ಕೆ ಮುಂಚೆ ಕಳುಹಿಸಿದ ಲೇಖನವು ಸಕಾಲದಲ್ಲಿ ಬಂದಂತೆಯೇ. ಅಂತಹ ಸೂಚನೆಯಿಲ್ಲದ ಕಡೆ ಮಾತ್ರ ಈ ಸಡಿಲವನ್ನು ಊಹಿಸಿಕೊಳ್ಳಬಾರದು.

೬

ಕೊನೆಯದಾಗಿ, ಲೆಕ್ಕವು ತಾನಾಗಿ ಬಿಡಿಸಲಾರದ ಒಂದು ಪ್ರಶ್ನೆ ಉಳಿಯುತ್ತದೆ. ಬೆಂಗಳೂರಿನ ಕಚೇರಿಯ ವೇಳೆ ಬೆಳಿಗ್ಗೆ ೯ರಿಂದ ಸಂಜೆ ೬ ಎಂದಿಟ್ಟುಕೊಂಡರೆ, ಲಂಡನ್ನಿನ ೯ರಿಂದ ೫ರ ವೇಳೆಯೊಡನೆ ಚಳಿಗಾಲದಲ್ಲಿ ನಮ್ಮ ೨-೩೦ರಿಂದ ೬ರವರೆಗೆ ಮೂರೂವರೆ ಗಂಟೆ ಸಮಾನವಾಗಿದೆ. ನ್ಯೂಯಾರ್ಕಿನ ೯ ಗಂಟೆಯು ನಮ್ಮ ರಾತ್ರಿ ೭-೩೦, ಸಮಾನವೇಳೆ ಇಲ್ಲ. ಸ್ಯಾನ್‌ಫ್ರಾನ್ಸಿಸ್ಕೊ ನಗರದ ೯ರಿಂದ ೫ ಎಂದರೆ ನಮ್ಮ ರಾತ್ರಿ ೧೦-೩೦ರಿಂದ ಬೆಳಿಗ್ಗೆ ೬-೩೦. ಅವರ ಹಗಲೆಲ್ಲವೂ ನಮ್ಮ ನಿದ್ರೆಯ ಹೊತ್ತು. ಎಲ್ಲರಿಗೂ ಅನುಕೂಲವಾದ ವೇಳೆಯೇ ಇಲ್ಲದ ಕಡೆ ಯಾರಾದರೊಬ್ಬರು ಅನನುಕೂಲವನ್ನು ಹೊರಲೇಬೇಕು. ಯಾರು ಹೊರಬೇಕೆಂಬುದನ್ನು ಯಾರೂ ವಿಚಾರಿಸದೆ ಬಿಟ್ಟರೆ, ಆಧಾರಸ್ಥಳ ಎಲ್ಲಿದೆಯೋ ಅಲ್ಲಿಯವರ ಹಗಲೇ ಸಭೆಯ ವೇಳೆಯಾಗಿ, ಉಳಿದವರ ರಾತ್ರಿಯು ಅದಕ್ಕೆ ಸಲ್ಲುತ್ತದೆ.

ಪರಿವರ್ತನೆಯ ಪಟ್ಟಿಯನ್ನು ಮುಂದಿಟ್ಟುಕೊಂಡರೆ ಈ ಭಾರವು ಕಣ್ಣಿಗೆ ಕಾಣುತ್ತದೆ; ಕಂಡ ಮೇಲೆ ಹಂಚಿಕೊಳ್ಳಬಹುದು. ಚಳಿಗಾಲದಲ್ಲಿ ಒಂದು ತಿಂಗಳು ಬೆಂಗಳೂರಿನ ರಾತ್ರಿ ೯-೩೦ಕ್ಕೆ ಸಭೆ ಸೇರಿದರೆ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಅದೇ ದಿನ ಬೆಳಿಗ್ಗೆ ೮. ಮರುತಿಂಗಳು ಬೆಂಗಳೂರಿನ ಬೆಳಿಗ್ಗೆ ೭-೩೦ಕ್ಕೆ ಸೇರಿದರೆ ಅಲ್ಲಿ ಹಿಂದಿನ ದಿನದ ಸಂಜೆ ೬. ಒಮ್ಮೆ ನಮ್ಮ ರಾತ್ರಿ, ಒಮ್ಮೆ ಅವರ ಸಂಜೆ. ಇದು ಪೂರ್ಣ ಸಮಾನತೆಯಲ್ಲದಿದ್ದರೂ ಅದರ ಸಮೀಪಕ್ಕೆ ಬರುತ್ತದೆ.

ಸಾರಾಂಶವಾಗಿ ಹೇಳುವುದಾದರೆ: ಅಂತರವನ್ನು ಕಂಠಪಾಠ ಮಾಡದೆ ಆ ದಿನಾಂಕಕ್ಕೆ ಸಲ್ಲುವ ಅಂತರವನ್ನು ನೋಡಬೇಕು, ವಿಶ್ವಕಾಲದ ಮೂಲಕ ಪರಿವರ್ತಿಸಿ ದಿನಾಂಕವನ್ನೂ ವಾರವನ್ನೂ ಪರೀಕ್ಷಿಸಬೇಕು, ಪತ್ರದಲ್ಲಿ ಸ್ಥಳದ ಹೆಸರು, ತಿಂಗಳ ಹೆಸರು, ೨೪ ಗಂಟೆಗಳ ಕ್ರಮದ ವೇಳೆ ಇವನ್ನು ಬರೆಯಬೇಕು, ಆಧಾರಸ್ಥಳ ಯಾವುದೆಂದು ಮೊದಲೇ ಒಪ್ಪಿಕೊಳ್ಳಬೇಕು, ಮಾರ್ಚ್, ಏಪ್ರಿಲ್, ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಸಭೆಯ ಹಿಂದಿನ ದಿನ ಮತ್ತೊಮ್ಮೆ ತಾಳೆನೋಡಬೇಕು. ನಮ್ಮ ವಿದ್ಯಾರ್ಥಿಗಳು ಸಂದರ್ಶನದ ಕರೆ ಬಂದೊಡನೆ ಉತ್ತರದಲ್ಲಿ ‘ನಿಮ್ಮಲ್ಲಿ ಇಂಥ ದಿನ ಇಷ್ಟು ಗಂಟೆ, ನಮ್ಮಲ್ಲಿ ಇಂಥ ದಿನ ಇಷ್ಟು ಗಂಟೆ ಎಂದು ತಿಳಿದಿದ್ದೇವೆ’ ಎಂಬ ಒಂದು ವಾಕ್ಯವನ್ನು ಸೇರಿಸುವ ಅಭ್ಯಾಸ ಮಾಡಿಕೊಂಡರೆ, ಮೇಲೆ ವಿವರಿಸಿದ ತೊಡಕುಗಳಲ್ಲಿ ಬಹುಪಾಲು ಅಲ್ಲಿಯೇ ಪರಿಹಾರವಾಗುತ್ತವೆ.